ಗೇಟು ದಾಟಿದ ನೀರು

ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಪ್ಪಲಿಗೆ ಹತ್ತಿದ ರಾಡಿಯನ್ನು ಇನ್ನೂ ಕೊಡವಿರಲಿಲ್ಲ, ಅಷ್ಟರಲ್ಲೇ ಯಲ್ಲಾರಿಯ ಕೈ ಅಂಗಿಯ ಜೇಬಿಗೆ ಹೋಯಿತು. ಫೋನು ತೆಗೆದ, ನೋಡಿದ, ಕಿವಿಗೆ ಹಚ್ಚಿಕೊಂಡ, ಮತ್ತೆ ಜೇಬಿಗೆ ಹಾಕಿದ. ಅವನ ಹೆಂಡತಿ ಸಾವಂತ್ರೆವ್ವ ಎಲ್ಲವನ್ನೂ ನೋಡಿದಳು. ನೋಡದವಳಂತೆ ಸೆರಗು ಸರಿಮಾಡಿಕೊಂಡಳು.

“ಮಾಲಿಂಗಪ್ಪ ಫೋನ್ ಮಾಡಿದ್ದ,” ಅಂದ ಯಲ್ಲಾರಿ. “ಬಸ್ಸಿನ ಗದ್ದಲದಾಗ ಗೊತ್ತಾಗಿಲ್ಲ.”

“ಮಾಡ್ಲಿ ಬಿಡ್ರಿ. ಕೆಲಸ ಇದ್ರ ಮತ್ತ ಮಾಡ್ತಾನ.”

“ನೀರಿನ ಕೆಲಸ ಮತ್ತ ಅನ್ನೂದಿಲ್ಲ, ಸಾವಂತ್ರಿ.”

 ಊರು ಬಿಟ್ಟು ಎರಡು ತಾಸು ಆಗಿಲ್ಲ, ಆಗಲೇ ಶುರುವಾಯಿತಲ್ಲ ಇವನದು ಎಂದು ಸಾವಂತ್ರೆವ್ವ ಒಳಗೇ ಹಲ್ಲು ಕಡಿದಳು.

ಮಾಲಿಂಗಪ್ಪ ಎಂದರೆ ಹಿಡಕಲ್ ಡ್ಯಾಮಿನ ಗೇಟುಗಳ ಉಸ್ತುವಾರಿಗೆ ಈಗ ಕೂತಿರುವವನು. ಹದಿನೈದು ದಿನದ ಹಿಂದಿನ ತನಕ ಆ ಜಾಗದಲ್ಲಿ ಯಲ್ಲಾರಿ ಇದ್ದ. ಮೂವತ್ನಾಲ್ಕು ವರ್ಷ ಇದ್ದ. ಸುತ್ತಲಿನ ಹಳ್ಳಿಗಳಲ್ಲಿ ಗೇಟಿನ ಯಲ್ಲಾರಿ ಎಂದರೆ ಮಾತ್ರ ಗುರುತು, ಬರೀ ಯಲ್ಲಾರಿ ಎಂದರೆ ಯಾವ ಯಲ್ಲಾರಿ ಎಂದು ಕೇಳುತ್ತಿದ್ದರು. ಜುಲೈ ಮೂವತ್ತೊಂದಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಜೀಪಿನಲ್ಲಿ ಮನೆಯ ತನಕ ಬಿಟ್ಟು ಹೋದರು. ಮರುದಿನ ಬೆಳಗಿನ ಐದಕ್ಕೆ ಅವನು ಎದ್ದು, ಖಾಕಿ ಅಂಗಿ ತೊಟ್ಟು, ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟಿದ್ದ. ಸಾವಂತ್ರೆವ್ವನೇ ತೋಳು ಹಿಡಿದು ಒಳಗೆ ಕರೆತಂದು ಚಹಾ ಕೊಟ್ಟಳು. ಇಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ.

ಸಾವಂತ್ರೆವ್ವನಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಗಂಡನ ಬಾಜೂ ನಿಂತು ಗೋಕಾಕ ಫಾಲ್ಸ್ ತುಂಬಿ ಬೀಳುವುದನ್ನು ನೋಡಬೇಕು. ಇಷ್ಟು ಹತ್ತಿರ ಇದ್ದು, ಮದುವೆಯಾಗಿ ಮೂವತ್ತೆರಡು ವರ್ಷ ಕಳೆದರೂ ನೋಡಿಲ್ಲ ಎಂದರೆ ಕೇಳಿದವರು ನಗುತ್ತಾರೆ. ಆದರೆ ಅವರ ಸಂಸಾರದ ಲೆಕ್ಕವೇ ಹಾಗಿತ್ತು. ಡ್ಯಾಮಿನಿಂದ ಫಾಲ್ಸಿನ ಹೊಳೆಗೆ ನೀರು ಬಿಡುವುದು ಮಳೆಗಾಲದಲ್ಲಿ, ಮಳೆಗಾಲದಲ್ಲಿ ಗೇಟಿನವನಿಗೆ ರಜೆ ಇಲ್ಲ. ರಜೆ ಸಿಗುವುದು ಬೇಸಿಗೆಯಲ್ಲಿ, ಬೇಸಿಗೆಯಲ್ಲಿ ಫಾಲ್ಸಿಗೆ ನೀರಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಏಪ್ರಿಲಿನಲ್ಲಿ ಕರೆತಂದು, ಕರ್ರಗೆ ಒಣಗಿ ನಿಂತ ಬಂಡೆ ತೋರಿಸಿ, “ಇಲ್ಲೇ ನೋಡು, ಇಲ್ಲಿಂದ ಬೀಳ್ತೈತಿ,” ಎಂದಿದ್ದ. ಬಂಡೆಯ ತುದಿಗೆ ಒಂದು ಮಂಗ ಕೂತು ಮರಿಯ ಹೇನು ಹೆಕ್ಕುತ್ತಿತ್ತು. ಸಾವಂತ್ರೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹೊಸ ಹೆಂಡತಿಗೆ ಎಲ್ಲವೂ ನಗುವೇ. “ಬರೂ ಆಗಸ್ಟಿಗೆ ಖರೆ ಖರೆ ತೋರಸ್ತೇನಿ,” ಎಂದು ಅವನು ಮಾತು ಕೊಟ್ಟ.

ಆ ಆಗಸ್ಟ್ ಬರಲೇ ಇಲ್ಲ. ಓಣಿಯ ಹೆಂಗಸರು ಟೆಂಪೊ ಮಾಡಿಕೊಂಡು ಹೋಗಿ ನೋಡಿ ಬಂದರು, ಒಮ್ಮೆ ಅಲ್ಲ, ನಾಲ್ಕು ಸಲ. “ತೋರಸ್ತೇನಿ ಅಂದವರ ಜೋಡಿನ ನೋಡ್ತೇನಿ,” ಎಂದು ಇವಳು ಹಟ ಹಿಡಿದು ಮನೆಯಲ್ಲೇ ಕೂತಳು. ಮಗಳ ನಾಮಕರಣದ ದಿನ ಗೇಟು, ಇವಳ ತಾಯಿ ತೀರಿಕೊಂಡ ದಿನ ಗೇಟು. ಸವತಿ ಮೇಲೆ ಸವತಿ ತಂದಿದ್ದರೂ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ, ಸವತಿಯ ಜುಟ್ಟನ್ನಾದರೂ ಹಿಡಿಯಬಹುದಿತ್ತು. ಕಬ್ಬಿಣದ ಗೇಟಿನ ಯಾವ ಜುಟ್ಟು ಹಿಡಿಯಬೇಕು?

ಈಗ ಅವನು ನಿವೃತ್ತ. ಈಗ ಆಗಸ್ಟ್. ಮೇಲೆ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಡ್ಯಾಮು ತುಂಬಿ, ಹೊಳೆಗೆ ನೀರು ಬಿಟ್ಟಿದ್ದಾರೆ. ಮಗಳು ಆಮ್ರಪಾಲಿ ಮೂಡಲಗಿಯ ಕಾಲೇಜಿನಲ್ಲಿ ಉಪನ್ಯಾಸಕಿ. ಅವ್ವನ ಹಟದ ಕಥೆಯನ್ನು ಹಾಲಿನ ಜೊತೆ ಕುಡಿದು ಬೆಳೆದವಳು. ಅವಳೇ ಗೋಕಾಕದ ಲಾಡ್ಜಿನಲ್ಲಿ ಎರಡು ದಿನಕ್ಕೆ ರೂಮು ಹಿಡಿದು, ಶನಿವಾರ ಊಟ ಮತ್ತು ಬಜಾರು, ಸಂಜೆ ಹಾಡಿನ ಕಾರ್ಯಕ್ರಮ, ರವಿವಾರ ಮತ್ತೆ ಬಜಾರು, ಊಟವಾದ ಮೇಲೆ ಫಾಲ್ಸ್ ಎಂದು ಪರೀಕ್ಷೆಯ ವೇಳಾಪಟ್ಟಿಯಂತೆ ಬರೆದು ಕೊಟ್ಟಿದ್ದಳು. ಊರು ಬಿಡುವಾಗ ಯಲ್ಲಾರಿ ಒಂದೇ ಒಂದು ಕರಾರು ಹಾಕಿದ್ದ: ಡ್ಯಾಮಿನಿಂದ ಕರೆ ಬಂದರೆ ಮಾತ್ರ ತಾನು ಹೋಗಲೇಬೇಕು.

ಹಾಗಾಗಿ ಸಾವಂತ್ರೆವ್ವನ ಎರಡು ದಿನದ ಸುಖ ಆ ಅಂಗಿಯ ಜೇಬಿನೊಳಗೆ ಸಿಕ್ಕಿಕೊಂಡಿತ್ತು.

ಲಾಡ್ಜಿನಲ್ಲಿ ಚೀಲ ಇಟ್ಟು ಸೀದಾ ಖಾನಾವಳಿಗೆ ಹೋದರು. ಬಡಿದ ಬಿಸಿ ರೊಟ್ಟಿ, ಮಟನ್ನಿನ ಕೆಂಪು ರಸ, ಶೇಂಗಾ ಚಟ್ನಿ, ಮೇಲೊಂದು ಹೆಚ್ಚಿದ ಉಳ್ಳಾಗಡ್ಡಿ. ತಾನು ಬಡಿಯದ ರೊಟ್ಟಿಯನ್ನು ತಾನು ಕೂತಲ್ಲಿಗೇ ಯಾರೋ ತಂದು ಹಾಕುತ್ತಾರೆ ಎನ್ನುವುದೇ ಸಾವಂತ್ರೆವ್ವನಿಗೆ ಅರ್ಧ ಹೊಟ್ಟೆ ತುಂಬಿಸಿತು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ, ಮತ್ತು ಸಂತೋಷಕ್ಕೆ.

“ಎಷ್ಟ ಛಲೋ ಮಾಡ್ಯಾರಲ್ರಿ! ಬೆಳ್ಳೊಳ್ಳಿ ಹುರದ ಹಾಕ್ಯಾರ ನೋಡ್ರಿ.”

ಎದುರಿನ ಕುರ್ಚಿ ಖಾಲಿ. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಯಲ್ಲಾರಿ ಹೊರಗೆ ಹೋಗಿದ್ದ. ಗಾಜಿನ ಬಾಗಿಲಿನಾಚೆ, ಕಿವಿಗೆ ಫೋನು ಹಚ್ಚಿ, ಎಡಗೈಯಿಂದ ಗಾಳಿಯಲ್ಲಿ ಏನನ್ನೋ ಮೇಲೆತ್ತುತ್ತ, ಕೆಳಗಿಳಿಸುತ್ತ ನಿಂತಿದ್ದ. ಐದು ನಿಮಿಷ ಬಿಟ್ಟು ಒಳಗೆ ಬಂದ.

“ಯಾರ್ರಿ?”

“ಮತ್ತ್ಯಾರು. ಮಾಲಿಂಗಪ್ಪ. ಒಳಹರಿವು ಹೆಚ್ಚಾಗೈತಂತ. ಏನ್ ಮಾಡ್ಲಿ ಕಾಕಾ ಅಂತಾನ.”

“ಬಾ ಅಂದನೇನು?”

“ಇನ್ನೂ ಅಂದಿಲ್ಲ.”

ಅವನ ರೊಟ್ಟಿ ಆರಿತ್ತು. ಅದನ್ನೂ ಸಾವಂತ್ರೆವ್ವನೇ ತಿಂದಳು. ಸಿಟ್ಟು ಬಂದಾಗ ಅವಳಿಗೆ ಹಸಿವು ಹೆಚ್ಚು.

ಮಳೆ ತುಂತುರು ತುಂತುರಾಗಿ ಹನಿಯುತ್ತಿದ್ದರೂ ಬಜಾರು ತುಂಬಿ ತುಳುಕುತ್ತಿತ್ತು. ಶ್ರಾವಣದ ಶನಿವಾರ. ಕರದಂಟಿನ ಅಂಗಡಿಗಳು ಒಂದರ ಪಕ್ಕ ಒಂದು, ಎಲ್ಲರೂ ತಮ್ಮದೇ ಅಸಲಿ ಎನ್ನುವವರು. ಸಾವಂತ್ರೆವ್ವ ಯಾರನ್ನೂ ನಂಬದೆ ಮೂರು ಅಂಗಡಿಗಳಲ್ಲಿ ರುಚಿ ನೋಡಿದಳು. ಮೊದಲನೆಯದರಲ್ಲಿ ಅಂಟು ಹೆಚ್ಚು, ಎರಡನೆಯದರಲ್ಲಿ ಬೆಲ್ಲ ಹೆಚ್ಚು, ಮೂರನೆಯದರಲ್ಲಿ ಎಲ್ಲ ಸರಿಯಾಗಿತ್ತು, ಆದರೆ ಅಂಗಡಿಯವನ ಮೋರೆ ಸರಿಯಿರಲಿಲ್ಲ. ಕಡೆಗೆ ಎರಡನೆಯದಕ್ಕೇ ತಿರುಗಿ ಹೋಗಿ ಒಂದು ಕಿಲೋ ಕಟ್ಟಿಸಿದಳು. ಬಳೆ ಅಂಗಡಿಯಲ್ಲಿ ಹಸಿರು ಚಿಕ್ಕಿಯ ಬಳೆ ಇಡಿಸಿಕೊಂಡು, ಕೈ ಎತ್ತಿ, “ಹೆಂಗ ಕಾಣ್ತಾವ್ರಿ?” ಎಂದು ಕೇಳಿದಳು. ಯಲ್ಲಾರಿ ಬೀದಿಯ ಆಚೆ ಬದಿಗೆ ಕಟ್ಟೆಯ ಮೇಲೆ ನಿಂತು ಫೋನಿನಲ್ಲಿದ್ದ. ಸೀರೆ ಅಂಗಡಿಯಲ್ಲಿ ಇಳಕಲ್ ಸೀರೆಯ ರಾಶಿ ಹಾಕಿಸಿದಾಗಲೂ ಹಾಗೆಯೇ. ಆಳು ಸೀರೆ ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದ. ಅವಳ ಕಣ್ಣು ಸೀರೆಯ ಮೇಲಿಲ್ಲ, ಗಂಡ ಯಾವಾಗ ಒಳಗೆ ಬಂದು “ನಡಿ, ಕರದಾರ” ಎನ್ನುತ್ತಾನೋ ಎಂದು ಬಾಗಿಲ ಮೇಲೆ.

ಅವನು ಬಂದ. ಕೂತ. ಎದ್ದ. ನೀರು ಕುಡಿದ. ಮೋಡ ನೋಡಿದ.

“ನಿಮ್ಮ ಅಂಡಿನ್ಯಾಗ ಮುಳ್ಳ ಐತೇನ್ರಿ? ಒಂದ ಗಳಿಗಿ ಕೂಡ್ರಿ.”

“ಮ್ಯಾಲ ಮಳಿ ನಿಂತಿಲ್ಲ, ಸಾವಂತ್ರಿ. ಈ ಮೋಡ ನೋಡು. ಇಂಥಾ ಹೊತ್ತಿನ್ಯಾಗ ಹೊಸಬರು ಗಾಬರಿ ಆಗ್ತಾರ.”

“ಮಾಲಿಂಗಪ್ಪ ಹೊಸಬ ಅಲ್ಲ. ಹನ್ನೊಂದ ವರ್ಷ ನಿಮ್ಮ ಕೈಕೆಳಗ ಇದ್ದವ.”

ಯಲ್ಲಾರಿ ಮತ್ತೆ ಬಾಗಿಲಿಗೆ ಹೋಗಿ ಮೋಡ ನೋಡಿದ. ಸೀರೆ ಯಾವುದನ್ನೂ ಆರಿಸದೆ ಸಾವಂತ್ರೆವ್ವ ಎದ್ದುಬಿಟ್ಟಳು.

ಸಂಜೆಯ ಹಾಡಿನ ಕಾರ್ಯಕ್ರಮ ಬುದ್ಧವಿಹಾರದವರು ಶ್ರಾವಣದಲ್ಲಿ ಇಡುವಂಥದ್ದು. ಸಮುದಾಯ ಭವನದ ತುಂಬ ಜನ, ಬಾಗಿಲಲ್ಲಿ ಚಪ್ಪಲಿಯ ಗುಡ್ಡ. ಆಮ್ರಪಾಲಿ ಮೂಡಲಗಿಯಿಂದ ಬಂದು ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದಳು. ಹಾರ್ಮೋನಿಯಂ, ಢೋಲಕ್, ತಾಳ, ಮತ್ತು ಫಕೀರವ್ವ ಎಂಬ ಗಟ್ಟಿ ಗಂಟಲಿನ ಹೆಂಗಸು. ಅವಳು ಬಾಯಿ ತೆಗೆದಳೆಂದರೆ ಮೈಕು ನಾಚಬೇಕು. ಭೀಮಗೀತೆಗಳು ಒಂದರ ಹಿಂದೆ ಒಂದು ಬಂದವು. ಸಾವಂತ್ರೆವ್ವ ತಾಳಕ್ಕೆ ತೊಡೆ ತಟ್ಟತೊಡಗಿದಳು, ಆಮೇಲೆ ಕೈ, ಆಮೇಲೆ ಬಾಯಿಯೂ ಸೇರಿತು.

ಎಂಟನೆಯದೋ ಒಂಬತ್ತನೆಯದೋ, ಬಾಬಾಸಾಹೇಬರು ಕೆರೆಗಿಳಿದು ಬೊಗಸೆಯಲ್ಲಿ ನೀರೆತ್ತಿದ ದಿನದ ಹಾಡು. ಫಕೀರವ್ವ ಅದನ್ನು ಅವಸರವಿಲ್ಲದೆ ಹಾಡಿದಳು. ಸಾವಂತ್ರೆವ್ವನಿಗೆ ತನ್ನ ಅತ್ತೆ ನೆನಪಾದಳು. ಊರಬಾವಿಯ ಕಟ್ಟೆಯ ಕೆಳಗೆ ಕೊಡ ಇಟ್ಟು, ಮೇಲಿನವರು ಯಾರಾದರೂ ಸುರಿದಾರು ಎಂದು ಬಿಸಿಲಲ್ಲಿ ಕಾದು ನಿಂತಿದ್ದ ಕಥೆಯನ್ನು ಆಕೆ ಸಾಯುವ ತನಕ ಹೇಳುತ್ತಿದ್ದಳು. ಅಂಥವಳ ಮಗನ ಕೈಯಲ್ಲಿ ಸರ್ಕಾರ ಇಡೀ ಡ್ಯಾಮಿನ ಕೀಲಿ ಕೊಟ್ಟಿತು. ಅವನು ಗೇಟು ಎತ್ತಿದರೆ ಜಿಲ್ಲೆಗೆಲ್ಲ ನೀರು. ಇದು ಸಾವಂತ್ರೆವ್ವನಿಗೆ ಮೊದಲೂ ಗೊತ್ತಿತ್ತು, ಆದರೆ ಗೊತ್ತಿದ್ದುದು ಇವತ್ತು ಮೈಗೆ ತಾಗಿತು. ಗಂಡನಿಗೆ ಹೇಳಬೇಕೆಂದು ಪಕ್ಕಕ್ಕೆ ತಿರುಗಿದಳು.

ಗಂಡ ಇರಲಿಲ್ಲ.

“ಅಪ್ಪ ಫೋನ್ ಬಂತು ಅಂತ ಹೊರಗ ಹೋದ್ರು,” ಅಂದಳು ಆಮ್ರಪಾಲಿ, ಅವ್ವನ ಮುಖ ನೋಡದೆ.

ಸಾವಂತ್ರೆವ್ವನ ನೆತ್ತಿ ಬಿಸಿಯಾಯಿತು. “ನಿನ್ನ ಫೋನಿನ್ಯಾಗ ಆ ಮಾಲಿಂಗಪ್ಪನ ನಂಬರ್ ಐತೇನು? ಹಚ್ಚಿ ಕೊಡು.”

“ಅವ್ವಾ, ಹೋಗ್ಲಿ ಬಿಡ…”

“ಹಚ್ಚಂದ್ರ ಹಚ್ಚು.”

ಗೋಡೆಯ ಪಕ್ಕ, ಕಂಬದ ಮರೆಗೆ ಹೋಗಿ ನಿಂತಳು. ಒಂದು ಸಲ ರಿಂಗಾಗುವಷ್ಟರಲ್ಲಿ ಮಾಲಿಂಗಪ್ಪ ಎತ್ತಿದ.

“ಮಾಲಿಂಗಪ್ಪಾ, ನಾ ಸಾವಂತ್ರೆವ್ವ ಮಾತಾಡಾಕತ್ತೇನಿ. ಎರಡ ದಿನ ನನ್ನ ಗಂಡನ್ನ ನನಗ ಬಿಟ್ಟಕೊಡಾಕ ಆಗೂದಿಲ್ಲೇನೋ ನಿನಗ? ಮುಂಜಾನಿಂದ ಎಷ್ಟ ಸಲ ಫೋನ್ ಮಾಡ್ತಿ? ಪಗಾರ ತಗೊಳ್ಳಾಂವ ನೀನೋ ಅವರೋ?”

ಮಾಲಿಂಗಪ್ಪ ದನಿ ತಗ್ಗಿಸಿದ.

“ಕಾಕು, ನಾ ಒಂದೂ ಫೋನ್ ಮಾಡಿಲ್ರಿ.”

“ಏನಂದಿ?”

“ಖರೆನ ಹೇಳ್ತೇನ್ರಿ. ಕಾಕಾನ ಮಾಡ್ತಾರ. ಮೊದಮೊದಲ ಎತ್ತತಿದ್ದೆ. ಈಗ ಡ್ಯೂಟಿ ಮ್ಯಾಲಿದ್ದಾಗ ಎತ್ತಾಕ ಆಗೂದಿಲ್ರಿ. ಸಾಹೇಬ್ರೂ ಅಂದ್ರು, ಅವರಿಗೆ ಆರಾಮ ಇರಾಕ ಬಿಡ್ರಪಾ ಅಂತ. ಸಿಟ್ಟಾಗಬ್ಯಾಡ್ರಿ ಕಾಕು. ಇಲ್ಲಿ ಎಲ್ಲಾ ಬರೋಬ್ಬರಿ ನಡದೈತ್ರಿ.”

“ಈಗ ಅವರ ಜೋಡಿ ಮಾತಾಡಾಕತ್ತಿಲ್ಲಾ ನೀನು?”

“ಈಗ ನಿಮ್ಮ ಜೋಡಿ ಮಾತಾಡಾಕತ್ತೇನಲ್ರಿ.”

ಸಾವಂತ್ರೆವ್ವ ಕಂಬದ ಮರೆಯಿಂದ ಬಾಗಿಲ ಕಡೆ ನೋಡಿದಳು. ಚಪ್ಪಲಿಯ ಗುಡ್ಡದ ನಡುವೆ ಯಲ್ಲಾರಿ ಕಿವಿಗೆ ಫೋನು ಒತ್ತಿ ಹಿಡಿದು ನಿಂತಿದ್ದ. ಹಾಡು ಮುಗಿದು ಜನ ಚಪ್ಪಾಳೆ ತಟ್ಟುವುದಕ್ಕೆ ಮೊದಲಿನ ಆ ಒಂದು ಕ್ಷಣದಲ್ಲಿ ಅವನ ದನಿ ಸ್ಪಷ್ಟವಾಗಿ ಕೇಳಿಸಿತು. “ಹಾಂ… ಹಾಂ ಮಾಲಿಂಗಪ್ಪ. ಅವಸರ ಮಾಡಬ್ಯಾಡ. ಮೊದಲ ಅರ್ಧ ಫೂಟ್ ಎತ್ತು, ನೋಡು. ನಾ ಅದೇನಿ, ಹೆದರಬ್ಯಾಡ.”

ಸಾವಂತ್ರೆವ್ವನ ಕಿವಿಯಲ್ಲಿ ಮಾಲಿಂಗಪ್ಪ, “ಕಾಕು? ಅದೀರೇನ್ರಿ?” ಎನ್ನುತ್ತಿದ್ದ.

ಬೆಳಗಿನಿಂದ ಅವಳು ಹೊತ್ತು ತಿರುಗಿದ್ದ ಸಿಟ್ಟು ಎಲ್ಲಿ ಹೋಯಿತೋ.  ಕರೆದಾರು ಎಂದು ಇಡೀ ದಿನ ಇವಳು ಹೆದರಿದ್ದಳು. ಇಡೀ ದಿನ ಯಾರೂ ಕರೆದಿರಲಿಲ್ಲ. ಅಯ್ಯೋ ನನ ಗಂಡನೇ, ಎಂದುಕೊಂಡಳು.

“ಮಾಲಿಂಗಪ್ಪಾ, ನನ್ನದೊಂದ ಕೆಲಸ ಮಾಡ್ತೀ ಏನು? ನಾಳಿ ಮುಂಜಾನಿ ಅವರಿಗೆ ಒಂದ ಫೋನ್ ಮಾಡು. ಏನರ ಕೇಳು.”

“ಏನ್ ಕೇಳ್ಲಿ ಕಾಕು? ಎಲ್ಲಾ ಅವರ ಕಲಿಸ್ಯಾರ.”

“ಅಲ್ಲಿ ಕೆಲಸ ಮಾಡಾಂವ ನೀನೋ ನಾನೋ? ಗೊತ್ತಿದ್ದದ್ದ ಕೇಳು. ಗೊತ್ತಿಲ್ಲ ಅನ್ನೂ ಹಂಗ ಕೇಳು.”

ಫೋನು ಮಗಳ ಕೈಗೆ ಕೊಟ್ಟು, ಬಂದು ತನ್ನ ಜಾಗದಲ್ಲಿ ಕೂತಳು. ಮಗಳಿಗೂ ಏನೂ ಹೇಳಲಿಲ್ಲ. ಯಲ್ಲಾರಿ ಮುಂದಿನ ಹಾಡು ಅರ್ಧವಾದಾಗ ಒಳಗೆ ಬಂದ. “ಮಾಲಿಂಗಪ್ಪ,” ಎಂದು ಪಿಸುಗುಟ್ಟಿದ. “ಹೌದೇನ್ರಿ?” ಎಂದಳು. ಮೂವತ್ತೆರಡು ವರ್ಷದಲ್ಲಿ ಅಷ್ಟು ಮೆತ್ತಗೆ ಅವಳು ಆ ಮಾತನ್ನು ಅಂದಿರಲಿಲ್ಲ. ಯಲ್ಲಾರಿ ಬೆಚ್ಚಿ ಅವಳ ಮುಖ ನೋಡಿದ. ಕಾರ್ಯಕ್ರಮ ಮುಗಿದೊಡನೆ ಆಮ್ರಪಾಲಿ ಇಬ್ಬರನ್ನೂ ಲಾಡ್ಜಿಗೆ ಬಿಟ್ಟು ಮೂಡಲಗಿಯ ಬಸ್ಸು ಹಿಡಿದಳು.

ರವಿವಾರ ಬೆಳಗ್ಗೆ ಪುರಿ-ಬಾಜಿ ತಿಂದು, ಕಟ್ಟಿಗೆಯ ಗೊಂಬೆಗಳ ಅಂಗಡಿಗೆ ಹೋದರು. ಅಂಗಡಿಯ ಅಕ್ಕವ್ವ ಒಂದೊಂದೇ ಬಣ್ಣದ ಹಣ್ಣನ್ನು ಬುಟ್ಟಿಯಿಂದ ತೆಗೆದು ಇಡುತ್ತಿದ್ದಳು: ಮಾವು, ಸೀತಾಫಲ, ಅಂಜೂರ, ಒಡೆದ ದಾಳಿಂಬೆ. ಮುಟ್ಟಿ ನೋಡಿದರೆ ಮಾತ್ರ ಕಟ್ಟಿಗೆ ಎಂದು ಗೊತ್ತಾಗುವಂಥವು. ಮಗಳ ಮೇಜಿನ ಮೇಲಿಡಲು ಯಾವುದು ಒಳ್ಳೆಯದು ಎಂದು ಸಾವಂತ್ರೆವ್ವ ಆರಿಸುವ ಹಾಗೆ ನಟಿಸುತ್ತಿದ್ದಳು. ಅವಳ ಕಿವಿ ಇದ್ದುದು ಗಂಡನ ಜೇಬಿನ ಮೇಲೆ. ನಿನ್ನೆ ಆ ಫೋನು ಬಾರದಿರಲಿ ಎಂದು ಬೇಡಿದ್ದವಳು ಇವತ್ತು ಹಾಳಾದ್ದು ಯಾಕೆ ಇನ್ನೂ ಬರಲಿಲ್ಲ ಎಂದು ಚಡಪಡಿಸುತ್ತಿದ್ದಳು.

ಬಂತು. ಯಲ್ಲಾರಿ ಮೊದಲು ನಂಬಲಿಲ್ಲ. ಪರದೆಯ ಮೇಲಿನ ಹೆಸರನ್ನು ಕಣ್ಣು ಕಿರಿದಾಗಿಸಿ ಎರಡು ಸಲ ಓದಿದ.

“ಹಲೋ? ಹಾಂ, ಹೇಳಪಾ ಮಾಲಿಂಗಪ್ಪ!”

ಹದಿನೈದು ದಿನದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಅಂಗಡಿಯ ಹಲಗೆಯ ಮೇಲಿದ್ದ ಕಟ್ಟಿಗೆಯ ಬಾಳೆಹಣ್ಣುಗಳನ್ನು ಸಾಲಾಗಿ ನಿಲ್ಲಿಸಿ, ಒಂದನ್ನೆತ್ತಿ, ಒಂದನ್ನು ಬಿಟ್ಟು, ನಡುವಿನದನ್ನು ಎತ್ತಿ, ಅಕ್ಕವ್ವ ಬೆರಗಾಗಿ ನೋಡುತ್ತಿದ್ದಂತೆಯೇ ಇಡೀ ಡ್ಯಾಮನ್ನು ನಡೆಸಿದ. ಸೈರನ್ ಎಷ್ಟು ಸಲ, ಎಷ್ಟು ಬಿಡುವು ಕೊಟ್ಟು ಊದಬೇಕು, ಊದಿದ ಮೇಲೆ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಮೇಲೆ ಬರಲು ಎಷ್ಟು ಹೊತ್ತು ಬೇಕು, ಎಮ್ಮೆಗಳು ಏಳಲು ಎಷ್ಟು ಹೊತ್ತು ಬೇಕು, ಎಲ್ಲ ಹೇಳಿದ. ಸಾವಂತ್ರೆವ್ವ ಕಟ್ಟಿಗೆಯ ಸೀತಾಫಲವನ್ನು ಎದೆಗೊತ್ತಿಕೊಂಡು ಅವನನ್ನೇ ನೋಡಿದಳು. ಮದುಮಗನ ಹಾಗೆ ಕಂಡ. ತಾನು ಮಾಡಿದ್ದು ಎಷ್ಟು ಒಳ್ಳೆಯದಾಯಿತು ಎಂದು ಹಿಗ್ಗಿದಳು.

ಫೋನು ಇಟ್ಟು ಯಲ್ಲಾರಿ ಅವಳ ಕಡೆ ತಿರುಗಿದ.

“ನಡಿ. ಹನ್ನೊಂದರ ಹುಕ್ಕೇರಿ ಬಸ್ ಸಿಗ್ತೈತಿ, ಡ್ಯಾಮಿಗೆ ಹೋಗೂಣು.”

“ಯಾಕ್ರಿ?”

“ಕರದಾನಲ್ಲ! ‘ಕಾಕಾ, ನೀವಿಲ್ಲದ ನಮಗ ದಿಕ್ಕ ತೋಚವಲ್ದು’ ಅಂದ. ಅಳು ದನಿ ಆಗಿತ್ತು ಹುಡುಗಂದು.”

ಏನಾದರೂ ಕೇಳು ಎಂದರೆ ನಾಟಕವನ್ನೇ ಆಡಿದ್ದನಲ್ಲ ಆ ಮಾಲಿಂಗಪ್ಪ! ಮನಸ್ಸಿನಲ್ಲೇ ಅವನ ಮೂರು ತಲೆಮಾರಿಗೆ ಬಯ್ದಳು.

“ಫೋನಿನ್ಯಾಗ ಹೇಳಿದ್ರಲ್ಲ, ಸಾಕಲ್ಲ? ಇವತ್ತ ಫಾಲ್ಸಿಗೆ ಹೋಗೂದೈತಿ.”

“ಮುಂದಿನ ವಾರ ಬರೂಣಂತ. ಈಗೇನು, ದಿನಾ ರಜಾನ.”

ಮುಂದಿನ ವಾರ, ಮುಂದಿನ ಆಗಸ್ಟ್. ಸಾವಂತ್ರೆವ್ವ ಸೀತಾಫಲವನ್ನು ಬುಟ್ಟಿಗೆ ತಿರುಗಿ ಹಾಕಿದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು, ಈಗ ಯಾರಿಗೆಂದು ಹೇಳುವುದು? ಲಾಡ್ಜಿಗೆ ಹೋಗಿ ಚೀಲ ತುಂಬಿದರು. ಅವನು ಸಿಳ್ಳೆ ಹಾಕುತ್ತ ತುಂಬಿದ. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಅವಳಿಗೆ ನಿಜವಾದ ಹೆದರಿಕೆ ಹುಟ್ಟಿತು. ಫಾಲ್ಸ್ ತಪ್ಪಿತು ಎನ್ನುವುದಲ್ಲ. ಇವನು ಹೀಗೇ ಎದೆ ಉಬ್ಬಿಸಿಕೊಂಡು ಡ್ಯಾಮಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅಲ್ಲಿ ಎಲ್ಲ ಸರಿಯಾಗಿ ನಡೆದಿರುತ್ತದೆ. “ಯಾಕ ಬಂದ್ರಿ ಕಾಕಾ?” ಎನ್ನುತ್ತಾರೆ. ಮಾಲಿಂಗಪ್ಪ ತಲೆ ಕೆಳಗೆ ಹಾಕುತ್ತಾನೆ. ನಾಲ್ಕು ಜನರ ಎದುರು, ತಾನು ಆಳಿದ ಜಾಗದಲ್ಲಿ, ಇವನ ಮುಖ ಏನಾಗಬೇಡ? 

ಕ್ಲೀನರಿಲ್ಲದ ಬಸ್ಸು, ಕಂಡಕ್ಟರನೇ ಬಾಗಿಲೆಳೆದು ಸೀಟಿ ಊದಿದ. ಬಸ್ಸು ಹೊರಟಿತು. ಹುಕ್ಕೇರಿಯ ಬಸ್ಸು ಫಾಲ್ಸಿನ ಸ್ಟಾಪು ಹಾದೇ ಹೋಗುತ್ತದೆ, ರಸ್ತೆಯಿಂದ ಮಾತ್ರ ನೀರು ಕಾಣುವುದಿಲ್ಲ.

“ಹುಕ್ಕೇರಿ ಒಂದು,” ಎಂದು ಯಲ್ಲಾರಿ ಟಿಕೀಟು ತೆಗೆದುಕೊಂಡ.

“ನಿಮ್ಮದ್ರಿ ಅಕ್ಕಾರ?” ಎಂದ ಕಂಡಕ್ಟರ್. ಸಾವಂತ್ರೆವ್ವ ಚೀಲದಿಂದ ಆಧಾರ್ ಕಾರ್ಡು ತೆಗೆದು ತೋರಿಸಿದಳು. ಹೆಂಗಸರಿಗೆ ಟಿಕೀಟು ಪುಕ್ಕಟೆ, ಆದರೆ ಎಲ್ಲಿಗೆ ಎನ್ನುವುದನ್ನು ಅವರವರೇ ಹೇಳಬೇಕು.

“ಫಾಲ್ಸ್,” ಅಂದಳು.

ಯಲ್ಲಾರಿ ತಿರುಗಿದ. “ಫಾಲ್ಸ್ ಯಾಕ?”

“ನೋಡಾಕ.”

“ಒಬ್ಬಾಕಿನ?”

“ಮೂವತ್ತೆರಡ ವರ್ಷ ಇಬ್ಬರ ಆಗಿ ನೋಡೂಣು ಅಂತ ಕುಂತೆ. ಇನ್ನ ಸಾಕ.”  ಇಲ್ಲಿಗೇ ನಿಲ್ಲಿಸಿದ್ದರೆ ಗೆದ್ದವಳು ಅವಳೇ. ಆದರೆ ಡ್ಯಾಮಿನ ಬಾಗಿಲಲ್ಲಿ ನಿಲ್ಲುವ ಅವನ ಮುಖ ಮತ್ತೆ ಕಣ್ಣಿಗೆ ಬಂತು. ದನಿ ತಗ್ಗಿಸಿದಳು. “ಮತ್ತ… ನೀವೂ ಹುಕ್ಕೇರಿಗೆ ಹೋದ್ರ, ಸೀದಾ ಮನಿಗೆ ಹೋಗ್ರಿ. ಡ್ಯಾಮಿಗೆ ಹೋಗಬ್ಯಾಡ್ರಿ. ಅಲ್ಲಿ ಯಾರೂ ನಿಮ್ಮನ್ನ ಕರದಿಲ್ಲ. ಮಾಲಿಂಗಪ್ಪಗ ಫೋನ್ ಮಾಡು ಅಂತ ಹೇಳಿದಾಕಿ ನಾನ.”

ಯಲ್ಲಾರಿ ಜೇಬಿನ ಫೋನಿನ ಮೇಲೆ ಕೈ ಇಟ್ಟುಕೊಂಡ.

“ನಿನ್ನಿ ಹಾಡಿನ ಹೊತ್ತಿನ್ಯಾಗ ನೀವು ಬಾಗಲದಾಗ ನಿಂತ ಅವನ ಜೋಡಿ ಮಾತಾಡಾಕತ್ತಿದ್ರಲ್ಲ, ಅವಾಗ ಅವ ನನ್ನ ಜೋಡಿ ಮಾತಾಡಾಕತ್ತಿದ್ದ.”

ಹೊರಗೆ ಗುಡ್ಡದ ಹಸಿರು ಹಿಂದೆ ಹಿಂದೆ ಹೋಗುತ್ತಿತ್ತು. ಯಲ್ಲಾರಿ ಟಿಕೀಟನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಅವನ ಕಿವಿಗಳು ಕೆಂಪಾಗಿದ್ದವು. ಮುಂದಿನ ಸೀಟಿನ ಕಂಬಿಗೆ ಹೇಳುವವನಂತೆ ಹೇಳಿದ.

“ಅವ ಸೈರನ್ ಬಗ್ಗೆ ಕೇಳಿದಾಗ್ಲೆ ಅನಸ್ತು. ಹನ್ನೊಂದ ವರ್ಷ ಆ ಸೈರನ್ ಊದಾಂವ ಅವನ.”

“ಗೊತ್ತಿದ್ದೂ ಹೊಂಟ್ರಿ?”

“ಖರೆ ಅಂತ ನಂಬಬೇಕನಸ್ತು, ಸಾವಂತ್ರಿ.”

 ಅವಳಿಗೆ ಅವನ ಕೈ ಹಿಡಿಯಬೇಕೆನ್ನಿಸಿತು, ಆದರೆ ಬಸ್ಸಿನ ತುಂಬ ಜನ. ಅಷ್ಟರಲ್ಲಿ ಕಂಡಕ್ಟರ್, “ಫಾಲ್ಸ್ ಯಾರ್ರಿ, ಫಾಲ್ಸ್!” ಎಂದು ಕೂಗಿ ಸೀಟಿ ಊದಿದ. ಸಾವಂತ್ರೆವ್ವ ಎದ್ದಳು. ಅವನು ಕಾಲು ಸರಿಸಿ ದಾರಿ ಕೊಟ್ಟ, ಏಳಲಿಲ್ಲ. ಅವಳು ಹಿಂತಿರುಗಿ ನೋಡದೆ ಇಳಿದಳು. ಬಸ್ಸು ಹೊಗೆ ಬಿಟ್ಟು ಹೊರಟು ಹೋದ ಸಪ್ಪಳ ಬೆನ್ನಿಗೆ ಕೇಳಿಸಿತು. ಬಿರಬಿರನೆ ನಡೆದಳು. ಅತ್ತರೆ ಯಾರಿಗೂ ಗೊತ್ತಾಗದಷ್ಟು ಮಳೆ ಹನಿಯುತ್ತಿತ್ತು, ಅತ್ತಳು.

“ಚೀಲ ಬಸ್ಸಿನ್ಯಾಗ ಬಿಟ್ಟ ಹೊಂಟೀಯಲ್ಲ,” ಎಂದಿತು ಹಿಂದಿನಿಂದ ಒಂದು ದನಿ. ಎರಡೂ ಕೈಗೆ ಎರಡು ಚೀಲ ಹಿಡಿದು, ಏದುಸಿರು ಬಿಡುತ್ತ ಯಲ್ಲಾರಿ ಬರುತ್ತಿದ್ದ. ಅವಳು ನಿಂತಳು. ಅವನು ಬಂದು ಸೇರಿದ. ಇಬ್ಬರೂ ಜನರ ಹಿಂದೆ ಹೆಜ್ಜೆ ಹಾಕಿದರು.

ಮೊದಲು ಬಂದದ್ದು ಸಪ್ಪಳ. ಆಮೇಲೆ ಮುಖಕ್ಕೆ ಹನಿ. ಆಮೇಲೆ ಕಬ್ಬಿಣದ ಕಟಾಂಜನದ ಹತ್ತಿರ ಹೋದಾಗ ಕಣ್ಣಿಗೆ ಬೇರೇನೂ ಕಾಣದಂತೆ ನೀರೇ ನೀರು. ಕೆಂಪು ಮಣ್ಣಿನ ಬಣ್ಣದ ಹೊಳೆ ಇಡೀ ಬಂಡೆಯ ಅಗಲಕ್ಕೂ ಹರಡಿ, ಒಮ್ಮೆಗೇ ನೆಲ ಕಳೆದುಕೊಂಡು ಕೆಳಗೆ ಬೀಳುತ್ತಿತ್ತು. ಬಿದ್ದದ್ದು ಹೊಗೆಯಾಗಿ ಮೇಲಕ್ಕೆ ಏಳುತ್ತಿತ್ತು. ಸಾವಂತ್ರೆವ್ವ ಕಟಾಂಜನ ಹಿಡಿದಳು. ಇಷ್ಟು ವರ್ಷ ಕಾದದ್ದಕ್ಕೆ ಮೋಸವಿಲ್ಲ ಎಂದುಕೊಂಡಳು.

ಪಕ್ಕಕ್ಕೆ ನೋಡಿದರೆ ಯಲ್ಲಾರಿ ಚೀಲಗಳನ್ನು ಕೆಸರಿನಲ್ಲೇ ಬಿಟ್ಟಿದ್ದ. ಬಾಯಿ ತೆರೆದಿತ್ತು. ಮೂವತ್ನಾಲ್ಕು ವರ್ಷ ಅವನು ನೀರು ನೋಡಿದ್ದು ಗೇಟಿನ ತನಕ, ಅಳತೆಯ ಕಂಬದ ಮೇಲಿನ ಅಂಕಿಗಳಲ್ಲಿ. ಗೇಟು ದಾಟಿದ ಮೇಲೆ ಅದು ಎಲ್ಲಿಗೆ ಹೋಗಿ ಏನಾಗುತ್ತದೆ ಎಂದು ನಿಂತು ನೋಡಲು ಅವನಿಗೂ ಪುರಸೊತ್ತಾಗಿರಲಿಲ್ಲ. ಈ ಮಾತು ಸಾವಂತ್ರೆವ್ವನಿಗೆ ಆವತ್ತಿನ ತನಕ ಹೊಳೆದಿರಲಿಲ್ಲ. ತಾನು ನೋಡಿಲ್ಲ, ತಾನು ನೋಡಿಲ್ಲ ಎಂದೇ ಇಷ್ಟು ವರ್ಷ ಹಟ ಹಿಡಿದಿದ್ದಳು.

“ಇಷ್ಟೆಲ್ಲಾ…” ಎಂದ ಯಲ್ಲಾರಿ. ಸಪ್ಪಳದಲ್ಲಿ ಕೇಳಿಸದೆ ಅವಳು ಹತ್ತಿರ ಸರಿದಳು. “ಇಷ್ಟೆಲ್ಲಾ ನಾ ಬಿಟ್ಟಿದ್ದೇನು?”

ಹೌದು ಎಂದುಬಿಡಬಹುದಿತ್ತು. ನಿನ್ನೆಯಿಂದ ಎಷ್ಟೋ ಸುಳ್ಳು ಆಗಿದ್ದವು, ಇದೊಂದು ಹೆಚ್ಚೇನಲ್ಲ.

“ಇಲ್ರಿ,” ಅಂದಳು. “ಇದು ಮಾಲಿಂಗಪ್ಪ ಬಿಟ್ಟಿದ್ದು.”

ಯಲ್ಲಾರಿಯ ಮುಖ ಇಷ್ಟೇ ಇಷ್ಟಾಯಿತು. ಅವಳಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಅವನು ಮತ್ತೆ ನೀರಿನ ಕಡೆ ತಿರುಗಿದ. ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ಮೇಲಿನಿಂದ ಕೆಳಗಿನ ತನಕ, ಬೇರೊಬ್ಬನ ಕೆಲಸವನ್ನು ತಪ್ಪು ಹುಡುಕುತ್ತ ನೋಡುವ ಹಾಗೆ ನೋಡಿದ. ನೋಡುತ್ತಲೇ ಇದ್ದ. ಅವನ ಮೀಸೆಯ ತುಂಬ ಹನಿ ಕೂತಿತ್ತು.

“ಛಲೋ ಬಿಟ್ಟಾನ,” ಎಂದ ಕಡೆಗೆ.